ಹತ್ತು ನಿಮಿಷದ ಕರೆಂಟು

ಅಟ್ಟೂರು ಲೇಔಟ್, ಯಲಹಂಕ ಉಪನಗರ
೧೧ ಸೆಪ್ಟೆಂಬರ್ ೨೦೧೫, ಶುಕ್ರವಾರ

ಪ್ರೀತಿಯ ಪುನೀತಾ,

ಈಗ ಸಂಜೆ ಐದೂವರೆ. ಬೆಳಗಿನಿಂದ ಐದು ರವಿಕೆ ಹೊಲಿದೆ, ಎರಡಕ್ಕೆ ಹುಕ್ಸ್ ಹಾಕುವುದು ಬಾಕಿ. ಗೌರಿ ಹಬ್ಬ ಹತ್ತಿರ ಬಂತಲ್ಲ, ಅದಕ್ಕೇ ಈ ಅವಸರ. ನಮಗೆ ಈ ವರ್ಷ ಹಬ್ಬವಿಲ್ಲ, ಆದರೆ ಬೀದಿಯವರ ರವಿಕೆಗೇನು ಸೂತಕ. ನಿನ್ನ ಕತ್ತು ನೋವು ಹೇಗಿದೆ? ಲ್ಯಾಬಿನಲ್ಲಿ ದಿನವೆಲ್ಲ ಬಗ್ಗಿ ಕೂರುತ್ತೀಯ, ನಡುನಡುವೆ ಎದ್ದು ನಾಲ್ಕು ಹೆಜ್ಜೆ ಓಡಾಡು. ಮಸ್ಕತ್ತಿನಲ್ಲಿ ಬಿಸಿಲು ಇನ್ನೂ ಇಳಿದಿಲ್ಲವಂತೆ. ಎದುರುಮನೆ ಜಬೀನ್ ಅಲ್ಲಿರುವ ಗಂಡನ ಹತ್ತಿರ ಹೊರಟಿದ್ದಾಳೆ. ಅವಳ ಕೈಯಲ್ಲಿ ಸಾರಿನ ಪುಡಿ, ಹುರುಳಿಕಾಳು, ಈ ಕಾಗದ ಕಳಿಸುತ್ತಿದ್ದೇನೆ. ಫೋನಿನಲ್ಲಿ ದಿನಾ ಮಾತಾಡುವವಳು ಕಾಗದ ಯಾಕೆ ಬರೆದಳು ಅನ್ನಿಸಬಹುದು. ಫೋನಿನಲ್ಲಿ ನೀನು "ಅಕ್ಕಾ" ಅಂದ ಕೂಡಲೇ ನನ್ನ ಬಾಯಿ ಕಟ್ಟಿಹೋಗುತ್ತದೆ.

ನಿನ್ನ ಲ್ಯಾಪ್‌ಟಾಪ್ ಚೆನ್ನಾಗಿದೆ. ದೇವರ ಗೂಡಿನ ಕೆಳಗಿನ ಕಡಪಾ ಕಲ್ಲಿನ ಮೇಲೆಯೇ ಇದೆ. ಶುಕ್ರವಾರಕ್ಕೊಮ್ಮೆ ಹಳೆಯ ಬಣ್ಣದ ಬ್ರಷ್‌ನಲ್ಲಿ ಅದರ ಫ್ಯಾನಿನ ಧೂಳು ತೆಗೆಯುತ್ತೇನೆ. ನೀನು ಹೆಬ್ಬಾಳದ ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಮಾಡುವಾಗ, ರಕ್ತಕ್ಕಾಗಿ ಅಲೆಯುವವರನ್ನು ನೋಡಲಾರದೆ, ಯಾವ ಗುಂಪಿನ ರಕ್ತ ಕೊಡುವವರು ಯಾವ ಏರಿಯಾದಲ್ಲಿದ್ದಾರೆ ಅಂತ ಪಟ್ಟಿ ಮಾಡಿ ಅದರಲ್ಲಿ ಹಾಕಿದ್ದೆ. ಯಾರು ಎಲ್ಲಿಂದ ಬೇಕಾದರೂ ಫೋನಿನಲ್ಲಿ ತೆರೆದು ನೋಡಬಹುದು, ಆದರೆ ನಮ್ಮ ಮನೆಯಲ್ಲಿ ಇದು ಹಗಲೂ ರಾತ್ರಿ ಓಡುತ್ತಿರಬೇಕು ಅಂದಿದ್ದೆ. ಅಮ್ಮನಿಗೆ ಅದರ ಮೇಲೆ ಎಷ್ಟು ಹೆಮ್ಮೆ! ಆರ್.ಟಿ. ನಗರದ ಒಬ್ಬರು ಮಗಳ ಹೆರಿಗೆಗೆ ಆ ಪಟ್ಟಿಯಿಂದ ರಕ್ತ ಸಿಕ್ಕಿತೆಂದು ಲಾಡು ತಂದುಕೊಟ್ಟಾಗ ಒಂದನ್ನು ತಟ್ಟೆಯಲ್ಲಿಟ್ಟು ಲ್ಯಾಪ್‌ಟಾಪಿನ ಮುಂದೆ ಇಟ್ಟಳು. "ದುಡಿದದ್ದು ಅದು, ತಿನ್ನೋದು ನೀನಾ?" ಅಂತ ನನ್ನನ್ನೇ ಕೇಳಿದಳು. ಸಂಜೆಗೆ ಇರುವೆ ಬಂದು, ನಾನು ಬೈದುಕೊಂಡು ಒರೆಸಿದೆ.

ಸದಾ ಚಾರ್ಜಿನಲ್ಲೇ ಇದ್ದು ಅದರ ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು. ಹೊರಡುವ ಮುಂಚೆ ನೀನು ಅದನ್ನು ಕಿತ್ತುಹಾಕಿ, "ಇನ್ಮೇಲೆ ಇದರ ಜೀವ ಎಲ್ಲ ವೈರಲ್ಲೇ ಇರೋದು ಅಕ್ಕಾ, ಪ್ಲಗ್ ಕಿತ್ರೆ ಮುಗೀತು" ಎಂದು ಯುಪಿಎಸ್‌ಗೆ ಸೇರಿಸಿ ಹೋದೆ. ಆರು ತಿಂಗಳಿಗೆ ಅಮ್ಮನ ಉಸಿರು ಕೆಟ್ಟು ಆಕ್ಸಿಜನ್ ಮಿಷನ್ ಬಂತು. ಅದನ್ನೂ ಅದೇ ಯುಪಿಎಸ್‌ಗೆ ಹಾಕಿದೆವು. ಯುಪಿಎಸ್ ಕೂರಿಸಿದ ಪಿಳ್ಳಣ್ಣ ಅವತ್ತೇ ಹೇಳಿದ್ದರು, "ಕರೆಂಟ್ ಹೋದಾಗ ಈ ಮಿಷನ್ ಬಿಟ್ಟು ಬೇರೆ ಏನೂ ಓಡಿಸ್ಬೇಡಿ ಕಣಮ್ಮ, ಬ್ಯಾಟರಿ ಹಳೇದು" ಅಂತ. ನಾನು ಹೂಂ ಅಂದಿದ್ದೆ.

ಆ ದಿನದ್ದನ್ನು ಈಗ ಬರೆಯುತ್ತೇನೆ. ಜೂನ್ ಹದಿನೆಂಟರ ನನ್ನ ಡೈರಿಯಲ್ಲಿ "ಅಮ್ಮ ಹೋದಳು" ಅಂತ ಮಾತ್ರ ಇದೆ. ಕರೆಂಟ್ ಹೋದದ್ದು ಹನ್ನೆರಡೂಕಾಲಕ್ಕೆ. ಮನೆಯಲ್ಲಿದ್ದ ಸಿಲಿಂಡರ್ ಹಿಂದಿನ ದಿನವೇ ಖಾಲಿಯಾಗಿ ತುಂಬಿಸಲು ಹೋಗಿತ್ತು. ಸಿಲಿಂಡರ್ ತರುವ ಖುದ್ದೂಸಣ್ಣನಿಗೆ ಫೋನ್ ಮಾಡಿದೆ. "ಹೆಬ್ಬಾಳದಲ್ಲಿ ಸಿಕ್ಕಾಕೊಂಡಿದೀನಮ್ಮ, ಒಂದು ಗಾಡಿನೂ ಮುಂದಕ್ಕೆ ಹೋಗ್ತಿಲ್ಲ, ಬಂದೆ" ಅಂದರು. ಆಂಬುಲೆನ್ಸಿನವರೂ ಅದೇ ಹೇಳಿದರು. ಸಿಲಿಂಡರ್ ಇಲ್ಲದೆ ಎರಡು ಮಹಡಿ ಅಮ್ಮನನ್ನು ಇಳಿಸುವ ಹಾಗಿರಲಿಲ್ಲ. ಫ್ಯಾನು, ಲೈಟು ಎಲ್ಲ ಆರಿಸಿ ಲ್ಯಾಪ್‌ಟಾಪಿನ ಸ್ವಿಚ್ಚಿನ ಮೇಲೆ ಕೈ ಇಟ್ಟೆ. ಅಮ್ಮ ನೋಡಿಬಿಟ್ಟಳು. ಮೂಗಿನ ಪೈಪು ಸರಿಮಾಡಿಕೊಳ್ಳುತ್ತಾ, "ಅದನ್ನ ಆರಿಸ್ಬ್ಯಾಡ ಕಣೇ, ಇರ್ಲಿ. ಯಾರ್ ಮನೇಲಿ ಯಾರ್ಗೆ ರಕ್ತ ಬೇಕಾಗೈತೋ. ನಾನೇನ್ ಈಗ್ಲೇ ಓಯ್ತೀನಾ?" ಅಂದಳು. ನಾನು ಕೈ ತೆಗೆದೆ.

ಅಮ್ಮ ಬೇಡ ಅಂದದ್ದಕ್ಕೇ ಕೈ ತೆಗೆದೆ ಅಂತ ಬರೆದು ನಿಲ್ಲಿಸಿದರೆ ಅರ್ಧ ಸುಳ್ಳು. ಹಿಂದಿನ ವರ್ಷ ಮಿಕ್ಸಿ ಹಾಕಲು ಅದರ ಪ್ಲಗ್ ಕಿತ್ತು, ಮತ್ತೆ ಹಾಕುವುದನ್ನು ಮರೆತಿದ್ದೆ. ತಣಿಸಂದ್ರದ ಯಾರೋ ಪಟ್ಟಿ ತೆರೆಯುತ್ತಿಲ್ಲ ಎಂದು ನಿನಗೆ ಫೋನ್ ಮಾಡಿ, ನೀನು ಅಲ್ಲಿಂದ "ಒಂದು ಸ್ವಿಚ್ ಕಾಯೋಕ್ಕಾಗಲ್ವಾ ಅಕ್ಕಾ ನಿನ್ ಕೈಲಿ?" ಅಂದಿದ್ದೆ. ನಿನಗೆ ಅದು ನೆನಪೂ ಇರಲಿಕ್ಕಿಲ್ಲ, ಸಿಟ್ಟಿನಲ್ಲಿ ಅಂದ ಮಾತು. ಆದರೆ ಆ ಮಧ್ಯಾಹ್ನ ಸ್ವಿಚ್ಚಿನ ಮೇಲೆ ಕೈ ಇಟ್ಟಾಗ ನನಗೆ ಕೇಳಿಸಿದ್ದು ಅದೇ. ಅಮ್ಮ ಬೇಡ ಅಂದದ್ದು ನನಗೆ ಅನುಕೂಲವಾಯಿತು. ಕರೆಂಟ್ ಇನ್ನೇನು ಬರುತ್ತದೆ ಎಂದುಕೊಂಡು ಬೀಸಣಿಗೆ ಹಿಡಿದು ಕೂತೆ. ಒಂದೂ ಇಪ್ಪತ್ತೈದಕ್ಕೆ ಯುಪಿಎಸ್ ಕಿರುಚಿ ನಿಂತಿತು. ಅಮ್ಮನ ಮಿಷನ್ ಸದ್ದು, ನಿನ್ನ ಲ್ಯಾಪ್‌ಟಾಪಿನ ಸದ್ದು ಎರಡೂ ಒಟ್ಟಿಗೆ ನಿಂತವು. ಖುದ್ದೂಸಣ್ಣನ ಆಟೋ ಗೇಟಿನ ಹತ್ತಿರ ಬಂದಾಗ ಒಂದೂ ಮೂವತ್ತೈದು. ಅವರು ಸಿಲಿಂಡರ್ ಹೊತ್ತುಕೊಂಡೇ ಮೆಟ್ಟಿಲು ಓಡಿ ಹತ್ತಿದರು. ಅಷ್ಟರಲ್ಲಿ ಅಮ್ಮನ ತುಟಿಯ ಬಣ್ಣ ಬದಲಾಗಿತ್ತು. ಅವರದೇ ಆಟೋದಲ್ಲಿ ಹೊರಟೆವು. ಆಸ್ಪತ್ರೆಯ ಗೇಟು ಕಾಣುವ ಹೊತ್ತಿಗೆ ನನ್ನ ಕೈ ಹಿಡಿದಿದ್ದ ಅವಳ ಕೈ ಸಡಿಲವಾಯಿತು.

ನೀನು ಬಂದ ದಿನ ಚಪ್ಪಲಿಯನ್ನೂ ಬಿಡದೆ ಕೇಳಿದೆ, "ಕರೆಂಟ್ ಹೋದ ತಕ್ಷಣ ನನ್ನದನ್ನ ಆಫ್ ಮಾಡಿದ್ಯಲ್ಲ ಅಕ್ಕಾ?" ಅಂತ. ನಾನು ಹೂಂ ಅಂದೆ. ನಿನ್ನನ್ನು ಕಾಪಾಡಲು ಹಾಗೆ ಹೇಳಿದೆ ಅಂತ ಎಷ್ಟೋ ದಿನ ನಂಬಿಕೊಂಡಿದ್ದೆ. ಕಳೆದ ತಿಂಗಳು ಪಿಳ್ಳಣ್ಣ ಬ್ಯಾಟರಿಗೆ ನೀರು ತುಂಬಲು ಬಂದಾಗ, ಅವತ್ತು ಲ್ಯಾಪ್‌ಟಾಪ್ ಆರಿಸಿದ್ದರೆ ಇನ್ನೆಷ್ಟು ಹೊತ್ತು ಬರುತ್ತಿತ್ತು ಅಂತ ಕೇಳಿಯೇಬಿಟ್ಟೆ. ಅವರು ನನಗೆ ಸಮಾಧಾನ ಹೇಳುವುದಕ್ಕೆಂದೇ, "ಆಕ್ಸಿಜನ್ ಮಿಷನ್ ಮುಂದೆ ಈ ಲ್ಯಾಪ್‌ಟಾಪು ಮೋಡೆಮ್ಮು ಎಲ್ಲ ಸೊಳ್ಳೆ ಕಣಮ್ಮ. ಆಫ್ ಮಾಡಿದ್ರೂ ಒಂದತ್ತು ನಿಮಿಷ ಜಾಸ್ತಿ ಬರ್ತಿತ್ತು, ಅಷ್ಟೆ" ಅಂದರು. ಅವರಿಗೆ ಕಾಫಿ ಮಾಡಿಕೊಟ್ಟು, ಲೋಟ ತೊಳೆಯುವಾಗ ಲೆಕ್ಕ ಹಾಕಿದೆ. ಒಂದೂ ಇಪ್ಪತ್ತೈದು, ಒಂದೂ ಮೂವತ್ತೈದು.

ಕಳೆದ ಶುಕ್ರವಾರ ನೀನು ಫೋನಿನಲ್ಲಿ, "ಯಾರು ಎಷ್ಟು ಗಂಟೆಗೆ ನೋಡಿದ್ರು, ತಾನು ಯಾವಾಗ ನಿಂತೆ, ಯಾವಾಗ ಎದ್ದೆ, ಎಲ್ಲ ಆ ಲ್ಯಾಪ್‌ಟಾಪೇ ಬರ್ಕೊಳುತ್ತೆ ಅಕ್ಕಾ, ನಿನ್ ಡೈರಿ ಥರಾನೇ. ಬಕ್ರೀದ್ ರಜೇಲಿ ಇಲ್ಲಿಂದ್ಲೇ ಕೂತು ಹಳೇದೆಲ್ಲ ಅಳಿಸ್ತೀನಿ" ಅಂದೆಯಲ್ಲ, ಅಂದಿನಿಂದ ನನಗೆ ಹೊಲಿಗೆಯ ಮೇಲೆ ಗಮನವಿಲ್ಲ. ಜೂನ್ ಹದಿನೆಂಟರಂದು ಅದು ನಿಂತದ್ದು ಹನ್ನೆರಡೂಕಾಲಕ್ಕಲ್ಲ ಅಂತ ನಿನಗೆ ತಿಳಿಯುತ್ತದೆ. ಅದರಿಂದ ತಿಳಿಯುವ ಮುಂಚೆ ನನ್ನಿಂದ ತಿಳಿಯಲಿ. ಅಥವಾ ನಿನಗೆ ಮೊದಲೇ ಗೊತ್ತಿದ್ದು, ನೀನು ಸುಮ್ಮನಿದ್ದೀಯೋ ಏನೋ. ಬೈಯುವುದಿದ್ದರೆ ಬೈದುಬಿಡು ಪುನೀತಾ, ಫೋನ್ ಮಾಡುವುದನ್ನು ಮಾತ್ರ ನಿಲ್ಲಿಸಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹುರುಳಿಕಾಳು ರಾತ್ರಿಯೇ ನೆನೆಹಾಕು, ಇಲ್ಲದಿದ್ದರೆ ಬೇಯುವುದಿಲ್ಲ. ನೀನು ನೂರು ವರ್ಷ ಚೆನ್ನಾಗಿರು.

ನಿನ್ನ ಅಕ್ಕ,
ಶಶಿರೇಖಾ

ಮರೆಯುವ ಮುಂಚೆ ಇದೊಂದು. ಜಬೀನ್ ಆಗಲೇ ಕಾಗದ ಕೇಳಲು ಬಾಗಿಲಿಗೆ ಬಂದಿದ್ದಾಳೆ. ಹಳೆಯದನ್ನು ಅಳಿಸುವಾಗ ಜೂನ್ ಹದಿನೆಂಟನ್ನು ಅಳಿಸಬೇಡ. ಹನ್ನೆರಡೂಕಾಲಿನಿಂದ ಒಂದೂ ಇಪ್ಪತ್ತೈದರೊಳಗೆ ಯಾರಾದರೂ ಪಟ್ಟಿ ತೆರೆದಿದ್ದರಾ, ನೋಡು. ಒಬ್ಬರೇ ಆಗಿದ್ದರೂ ಹೇಳು. ಯಾರೂ ಇಲ್ಲದಿದ್ದರೆ, ಅದನ್ನೂ ಮುಚ್ಚಿಡದೆ ಹೇಳು. ನಾಳೆ ನಮ್ಮ ಲೇಔಟಿನಲ್ಲಿ ಹತ್ತರಿಂದ ನಾಲ್ಕರವರೆಗೆ ಕರೆಂಟ್ ಇರುವುದಿಲ್ಲ. ಯುಪಿಎಸ್‌ನಲ್ಲಿ ಈಗ ನಿನ್ನ ಲ್ಯಾಪ್‌ಟಾಪ್ ಒಂದೇ ಇರುವುದರಿಂದ ಸಂಜೆಯವರೆಗೂ ನಿಲ್ಲದೆ ಓಡುತ್ತದಂತೆ.