ಅಪ್ಪ ಬಿಟ್ಟ ರಾತ್ರಿ ಗುಳಿಗಿ

ಭೋಸರಿ, ಪುಣೆ
ಭಾನುವಾರ ರಾತ್ರಿ

ಎಷ್ಟು ಸಲ ಹಚ್ಚಬೇಕು ಅಕ್ಕಾ? ಸಂಜೆಯಿಂದ ನಿನ್ನ ಫೋನಿಗೆ ಮಾಡುತ್ತಲೇ ಇದ್ದೇನೆ, ರಿಂಗಾಗಿ ರಿಂಗಾಗಿ ನಿಲ್ಲುತ್ತದೆ. ಮಾಮನದು ಸ್ವಿಚ್ ಆಫ್. ಅಪ್ಪ ಇರುವ ಶಿಬಿರದ ಜಗದೇವ ಕಾಕಾ ಒಂದು ಸಲ ಎತ್ತಿ, ನಕ್ಕು ಇಟ್ಟವರು ಮತ್ತೆ ಎತ್ತಲಿಲ್ಲ. ಮಧ್ಯಾಹ್ನ ಸೂಪರ್‌ವೈಜರ್ ಬೈದದ್ದು ಬೇರೆ, ಸಂಜೆ ಮಳೆಯಲ್ಲಿ ಬಸ್ ತಪ್ಪಿದ್ದು ಬೇರೆ, ಅದೆಲ್ಲ ಈಗ ಯಾವ ಲೆಕ್ಕಕ್ಕೂ ಇಲ್ಲ.

ಪ್ರೀತಿಯ ಸಪ್ನಕ್ಕಾ, ಜೈಭೀಮ್. ಸಿಟ್ಟಿನಲ್ಲಿ ಅದನ್ನೂ ಮರೆತೆ. ನೀನು, ಮಾಮ, ಕೂಸು ಆರಾಮ ಇದ್ದೀರಾ? ಅವ್ವನ ಮೊಣಕಾಲು ಹೇಗಿದೆ? ಅವ್ವ ಜೇವರ್ಗಿಯಲ್ಲಿ ನಿನ್ನ ಮನೆಗೇ ಬಂದಿದ್ದಾಳಲ್ಲ, ಅವಳ ಕಿವಿಗೆ ಬೀಳಬಾರದು ಅಂತಲೇ ಧ್ವನಿ ಕಳಿಸದೆ ಅಕ್ಷರದಲ್ಲಿ ಕಳಿಸುತ್ತಿದ್ದೇನೆ. ನಾನು ಮಾತಾಡುತ್ತೇನೆ, ಫೋನ್ ಬರೆಯುತ್ತದೆ. ನಮ್ಮೂರು ಮಟಕಿಯ ಮಾತು ಇದರ ತಲೆಗೆ ಹೋಗುವುದಿಲ್ಲ, ವಾರ್ತೆ ಓದುವವರ ಹಾಗೆ ಮಾತಾಡಬೇಕು; ಊರ ಮಾತು ಬಂದಲ್ಲಿ ಬೆರಳಿನಿಂದ ಒತ್ತುತ್ತೇನೆ. ಪಕ್ಕದ ಹಾಸಿಗೆಯ ಅಂಬಾರಾಯ, ಕರಜಗಿಯವನು, "ಯಾವ ಸಾಹೇಬನ ಕೂಡ ಮಾತಾಡಾಕತ್ತೀಯೋ ಲೇ, ಮಕ್ಕೊಳಾಕ ಬಿಡ್ತೀಯೋ ಇಲ್ಲೋ" ಅಂತ ಬೈದು ಆ ಕಡೆ ಹೊರಳಿದ.

ವಿಷಯ ಅಪ್ಪನದು. ಅಪ್ಪನನ್ನು ಈ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಯಾಕೆ ಅಂತ ಪೂರ್ತಿ ಓದು, ಇಲ್ಲದಿದ್ದರೆ ನೀನೂ ಜಗದೇವ ಕಾಕಾನ ಹಾಗೆ ನಗುತ್ತೀ.

ಅಪ್ಪನ ಬಿಪಿ ಗುಳಿಗಿ ನಾನೇ ಇಲ್ಲಿ ಕೊಂಡು ಆಳಂದ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುವುದು ನಿನಗೆ ಗೊತ್ತು. ಇವತ್ತು ಅವ್ವ ಫೋನಿನಲ್ಲಿ, "ಆ ರಾತ್ರಿ ಗುಳಿಗಿ ಕಳಸಬ್ಯಾಡೋ ಅಜಯಾ, ನಿಮ್ಮಪ್ಪ ಬಿಟ್ಟಾನ. ನನ್ನ ಚೀಲದಾಗೇ ಅವ" ಅಂದಳು. ಕೆಲವು ದಿನ ಭಿಕ್ಷುವಾಗಿರಲು ಅಫಜಲಪುರದ ಹತ್ತಿರ ಶ್ರಾಮಣೇರ ಶಿಬಿರಕ್ಕೆ ಹೊರಟಾಗ, ತಲೆ ಬೋಳಿಸಿ ಚೀವರ ಉಡುವ ಮೊದಲೇ, ಅಪ್ಪ ಅವನ್ನು ಅವಳ ಕೈಗೆ ಕೊಟ್ಟನಂತೆ. ಆಳಂದದ ಡಾಕ್ಟರ್ ರಾತ್ರಿ ಊಟವಾದ ಮೇಲೆ ತೊಗೋ ಅಂದಿದ್ದರು. ಶಿಬಿರದಲ್ಲಿ ಮಧ್ಯಾಹ್ನದ ನಂತರ ಊಟವಿಲ್ಲ. ಊಟವಿಲ್ಲ ಅಂದರೆ ಗುಳಿಗಿಯೂ ಇಲ್ಲ, ಅದು ಅಪ್ಪನ ಲೆಕ್ಕ. ಅದರ ಮೇಲೆ ಆ ಗುಳಿಗಿ ನುಂಗಿದರೆ ಕಣ್ಣು ಎಳೆಯುತ್ತದಲ್ಲ, "ನಿದ್ದಿ ತರೋದು ಅಂದ್ರ ನಶಾನೇ ಅದು. ಐದನೇ ಶೀಲ ಮುರದಂಗಾತದ" ಅಂದನಂತೆ. ನೀನು ಹುಟ್ಟಿದ ವರ್ಷ ಕುಡಿಯುವುದು ಬಿಟ್ಟವನು, ಆಮೇಲೆ ಮದುವೆ ಮನೆಯಲ್ಲಿ ಸುದ್ದಾ ಮುಟ್ಟದವನು. ಅವನ ಮಟ್ಟಿಗೆ ಇದು ನೆಪವಲ್ಲ ಅಕ್ಕಾ, ಮರ್ಯಾದೆ.

ಮೆಡಿಕಲ್ ಅಂಗಡಿಯಲ್ಲಿ ಇದನ್ನು ಚೇಷ್ಟೆಯ ಮಾತಿನಂತೆ ಹೇಳಿದೆ. ಅಂಗಡಿಯವನು ನಗಲಿಲ್ಲ. ಗುಳಿಗಿ ಕತ್ತರಿಸುತ್ತಿದ್ದ ಕತ್ತರಿ ಕೆಳಗಿಟ್ಟು, ಹಿಂದಿನ ಕೋಣೆಯಲ್ಲಿ ಕೂರುವ, ಇಲ್ಲಿಯವರು ಡಾಕ್ಟರ್ ಬಾಯಿ ಅನ್ನುವ ಲೇಡಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದ. ಅವರು ಮೊದಲು ಕೇಳಿದ್ದೇ, ಒಮ್ಮೆಲೇ ಬಿಟ್ಟರಾ, ಸ್ವಲ್ಪ ಸ್ವಲ್ಪ ಕಡಿಮೆ ಮಾಡಿದರಾ ಅಂತ. ಒಮ್ಮೆಲೇ ಅಂದೆ. ಪೆನ್ನಿನ ಟೊಪ್ಪಿಗೆ ಹಾಕಿ ನನ್ನ ಮುಖ ನೋಡಿದರು.

ಆ ಗುಳಿಗಿ ತಲೆಯೊಳಗೆ ಕೆಲಸ ಮಾಡುವಂಥದ್ದಂತೆ. ಮಿದುಳಿನ ಬುಡದಲ್ಲಿ, ಹೆಡಕಿನ ಮೇಲ್ಗಡೆ, ಎದೆಗೂ ರಕ್ತನಾಳಗಳಿಗೂ ಹುಕುಂ ಕೊಡುವ ಜಾಗ ಇದೆ. ಅಲ್ಲಿಯ ನರಗಳ ಮೇಲೆ ರಿಸೆಪ್ಟರ್ ಅಂತ ಸಣ್ಣ ಸಣ್ಣ ಗೂಡುಗಳು. ಮಿದುಳಿನದೇ ರಸ ಬಂದು ಗೂಡಿನಲ್ಲಿ ಕೂತರೆ ಒಂದು ಹುಕುಂ ಹೋಗುತ್ತದೆ. ಅಪ್ಪನ ಗುಳಿಗಿ ಆ ಗೂಡಿಗೇ ಹೋಗಿ ಕೂತು, ಸಾವಕಾಶ, ಸಾವಕಾಶ ಅನ್ನುತ್ತದೆ. ಎದೆ ನಿಧಾನ ಬಡಿಯುತ್ತದೆ, ನಾಳ ಸಡಿಲಾಗುತ್ತದೆ, ಕಣ್ಣು ಎಳೆಯುತ್ತದೆ. ಅದು ನಶೆಯಲ್ಲ. ವರ್ಷಗಟ್ಟಲೆ ಕೇಳಿ ಕೇಳಿ ಮೈ ಅದಕ್ಕೆ ಒಗ್ಗಿರುತ್ತದೆ. ಒಮ್ಮೆಲೇ ಬಿಟ್ಟರೆ ಸಾವಕಾಶ ಅನ್ನುವವರು ಯಾರೂ ಇಲ್ಲ. ನನಗೆ ದಿಬ್ಬ ಇಳಿಯುವ ಬಂಡಿಯ ಹಗ್ಗ ಕೈಬಿಟ್ಟದ್ದು ಕಣ್ಣಿಗೆ ಬಂತು. ಬಿಪಿ ಮೊದಲಿದ್ದಲ್ಲಿಗೆ ಹೋಗಿ ನಿಲ್ಲುವುದಿಲ್ಲ, ಅದನ್ನೂ ದಾಟಿ ಏರುತ್ತದೆ, ತಲೆಯಲ್ಲಿ ನರ ಒಡೆಯಬಹುದು ಅಂದರು. ಗುರುತು ಏನು ಅಂತ ಕೇಳಿದೆ. ತಲೆನೋವು, ಬೆವರು, ಕೈ ನಡುಕ, ಮುಖ ಕೆಂಪಾಗುವುದು, ಎದೆ ಡವಗುಟ್ಟುವುದು.

ಹೊರಗೆ ಬಂದವನೇ ಜಗದೇವ ಕಾಕಾಗೆ ಫೋನ್ ಹಚ್ಚಿದೆ. ಶಿಬಿರದ ವ್ಯವಸ್ಥೆಯೆಲ್ಲ ಅವರದೇ, ಎಲ್ಲರ ಫೋನೂ ಅವರ ಕಪಾಟಿನಲ್ಲೇ. "ನಿಮ್ಮಪ್ಪನ ಮಾರಿ ನೋಡಬೇಕೋ ತಮ್ಮಾ" ಅಂದರು, "ಕೆಂಪಗ ಹೊಳಿಯಾಕತ್ತದ! ಧ್ಯಾನಕ್ಕ ಕುಂತ್ರ ತನ್ನ ಎದಿ ಬಡಿತ ಕಿವ್ಯಾಗ ಕೇಳ್ತದಂತ. ಬೆವರು ಹರದ್ರೂ ಏಳಂಗಿಲ್ಲ. ಹರೇದ ಹುಡುಗ್ರು ಸುದ್ದಾ ಹಂಗ ಕುಂಡ್ರಂಗಿಲ್ಲ." ಕಾಕಾ, ಅದು ಬಿಪಿ ಅಂದೆ. "ಪುಣೆಕ್ಕ ಹೋಗಿ ಡಾಕ್ಟರ್ ಆದೇನು? ಅಪ್ಪ ಮೌನದಾಗ ಇದ್ದಾನ, ಕೆಡಸಬ್ಯಾಡ" ಅಂತ ನಕ್ಕು ಇಟ್ಟರು. ಅವರು ಸಂತೋಷದಿಂದ ಹೇಳಿದ ಒಂದೊಂದೂ ಡಾಕ್ಟರ್ ಹೇಳಿದ ಗುರುತೇ ಆಗಿತ್ತು.

ನಿನ್ನೆ ನೀನು ಗ್ರೂಪಿಗೆ ಹಾಕಿದ ಫೋಟೋ ತೆಗೆದು ನೋಡಿದೆ. ಅಪ್ಪ ಚೀವರದಲ್ಲಿ, ಕೆಳಗೆ ನಿನ್ನ ಮಾತು, "ಅಪ್ಪಗ ಇನ್ನ ಗುಳಿಗಿ ಯಾಕ, ಶೀಲ ಅದ." ದೊಡ್ಡದು ಮಾಡಿ ನೋಡು. ಹಿಂದಿನ ಬೋಧಿಮರದ ಎಲೆ ಎಲೆ ಕಾಣುತ್ತದೆ, ಚೀವರದ ಮಡಿಕೆ ಕಾಣುತ್ತದೆ. ಪಾತ್ರೆ ಹಿಡಿದ ಕೈಗಳು ಮಾತ್ರ ಮಸುಕು.

ಮಾಮನನ್ನು ಎಬ್ಬಿಸಿ ಟಂಟಂ ಗಾಡಿ ತೆಗೆಸು. ಅಜಯ ಗುಳಿಗಿ ಫೋಟೋ ಕೇಳ್ಯಾನ ಅಂತ ಏನಾದರೂ ಹೇಳಿ ಅವ್ವನ ಚೀಲದಿಂದ ಗುಳಿಗಿ ತೊಗೋ. ನೀವಾಗಿ ನುಂಗಿಸಬೇಡಿ, ಆಸ್ಪತ್ರೆಯವರಿಗೆ ತೋರಿಸಿ, ಎಂದು ಬಿಟ್ಟ ಅಂತ ಹೇಳಿ. ಜಗದೇವ ಕಾಕಾನ ಕೂಡ ವಾದಕ್ಕೆ ನಿಲ್ಲಬೇಡ, ನೆಟ್ಟಗೆ ಶಿಬಿರದ ಗುರುಗಳು ಭಂತೇಜಿಯವರನ್ನು ಎಬ್ಬಿಸು. ಅವರಿಗೆ ಈ ಗುಳಿಗಿಯ ಸುದ್ದಿಯೇ ಗೊತ್ತಿರಲಿಕ್ಕಿಲ್ಲ. ರೋಗಿ ಭಿಕ್ಷುವಿಗೆ ಔಷಧ ಬೇಡ ಅಂತ ಯಾವ ಭಂತೇಜಿಯೂ ಅನ್ನುವುದಿಲ್ಲ. ಬುದ್ಧರು ಹೊಲಸಿನಲ್ಲಿ ಬಿದ್ದಿದ್ದ ಭಿಕ್ಷುವಿನ ಮೈಯನ್ನು ತಾವೇ ತೊಳೆದ ಕಥೆ ನಮಗೆ ಹೇಳಿದವನು ಅಪ್ಪನೇ. ಅದನ್ನೇ ಅವನಿಗೆ ಹೇಳು. ಮತ್ತೆ ಅಕ್ಕಾ, ಚೀವರ ತೆಗೆಸಬೇಡಿ. ಅದಕ್ಕೇ ಅವನು ಹೆದರುವುದು. ಚೀವರದಲ್ಲೇ ಕರೆದುಕೊಂಡು ಹೋಗಿ.

ಮಾಮನಿಗೆ ಜೈಭೀಮ್, ಕೂಸಿಗೆ ಮುತ್ತು. ಅವ್ವ ಎದ್ದರೆ ನಾನು ಉಂಡು ಮಲಗಿದ್ದೇನೆ ಅನ್ನು.

ನಿನ್ನ ತಮ್ಮ
ಅಜಯಕುಮಾರ

ತಾ.ಕ.: ಕಳಿಸಬೇಕು ಅನ್ನುವಷ್ಟರಲ್ಲಿ ಮೆಡಿಕಲ್‌ನವನ ಫೋನ್ ಬಂತು. ಬೇರೆ ಗುಳಿಗಿ ಏನಾದರೂ ನಡೆದಿದೆಯಾ ಅಂತ ಡಾಕ್ಟರ್ ಕೇಳುತ್ತಿದ್ದಾರೆ ಅಂದ. ಎದೆಬಡಿತದ್ದು ಒಂದು ಇದೆ, ಅದನ್ನು ಮುಂಜಾನೆ ಗಂಜಿ ಕುಡಿದು ತಪ್ಪದೆ ನುಂಗುತ್ತಾನೆ ಅಂತ ಧೈರ್ಯದಿಂದಲೇ ಹೇಳಿದೆ. ಡಾಕ್ಟರ್ ಬಾಯಿ ಅವನ ಕೈಯಿಂದ ಫೋನ್ ಕಸಿದುಕೊಂಡರು. ಎದೆಬಡಿತದ್ದು ನಡೆದು ರಾತ್ರಿಯದು ನಿಂತರೆ ಇನ್ನೂ ಕೆಟ್ಟದ್ದಂತೆ, ನಾಳ ಮತ್ತಷ್ಟು ಬಿಗಿಯುತ್ತದಂತೆ. ಆಸ್ಪತ್ರೆಯವರು ನೋಡುವ ಮೊದಲು ಮುಂಜಾನೆಯ ಗುಳಿಗಿ ಅಪ್ಪನ ಬಾಯಿಗೆ ಹೋಗಕೂಡದು. ಶಿಬಿರದಲ್ಲಿ ಗಂಜಿ ಆರಕ್ಕೆ. ಓದಿದ ಕೂಡಲೇ ಹೊರಡು ಅಕ್ಕಾ, ಬೆಳಕು ಹರೀಲಿ ಅನಬ್ಯಾಡ. ಐದೂವರಿಗೆ ಫೋನ್ ಮಾಡ್ತೇನಿ, ಅಪ್ಪನ ಕೈಯಾಗ ಕೊಡು.