ಅಕ್ಕ ಎರಡು ಒತ್ತುತ್ತಾಳೆ

ಜೂನ್ 3, ಸೋಮವಾರ

ಮತ್ತೆ ರೆಕಾರ್ಡಿಂಗ್. ಕ್ಲಿನಿಕ್ಕಿನ ಸ್ಟೋರ್ ರೂಮಲ್ಲಿ, ಫ್ಯಾನ್ ಆಫ್ ಮಾಡಿಕೊಂಡು. ಇನ್ನು ವಾರ ವಾರ ಶುಗರ್ ಪೇಷೆಂಟುಗಳಿಗೆ ಮಷೀನೇ ಫೋನ್ ಮಾಡುತ್ತಂತೆ, ನನ್ನ ದನಿಯಲ್ಲಿ. "ಈ ವಾರ ದಿನಾ ಅರ್ಧ ಗಂಟೆ ನಡೆದಿರಾ? ಹೌದಾದರೆ ಒಂದು ಒತ್ತಿ, ಇಲ್ಲವಾದರೆ ಎರಡು." ಒಂಬತ್ತು ಸಲ ಹೇಳಿದೆ. "ಸಿಸ್ಟರ್, ಬೈದ ಹಾಗಿದೆ" ಅಂತಾರೆ ಡಾಕ್ಟರ್. ಇಪ್ಪತ್ತಾರು ವರ್ಷ ಪೇಷೆಂಟುಗಳ ಮೇಲೆ ರೇಗಿ ರೇಗಿ ಗಂಟಲೇ ಹಾಗಾಗಿದೆ, ಏನು ಮಾಡಲಿ!

ಒಂದು ಒತ್ತಿದವರಿಗೆ "ತುಂಬಾ ಸಂತೋಷ", ಅಷ್ಟೇ. ಎರಡು ಒತ್ತಿದವರಿಗೆ ಎರಡು ನಿಮಿಷದ ಸಮಾಧಾನ. "ಬೇಜಾರು ಮಾಡ್ಕೋಬೇಡಿ, ಒಂದೊಂದು ವಾರ ಹಾಗೇ..." ನಿಮ್ಮವರು ಯಾರಾದ್ರೂ ಎದುರಿಗಿದಾರೆ ಅಂದುಕೊಂಡು ಹೇಳಿ ಅಂದ್ರು. ಅಕ್ಕನನ್ನ ನೆನೆಸಿಕೊಂಡೆ. ಒಂದೇ ಸಲಕ್ಕೆ ಓಕೆ ಆಯ್ತು.

ಜೂನ್ 11

ಲಿಸ್ಟಲ್ಲಿ ಅಕ್ಕನ ಹೆಸರು! ಅವಳಿಗೂ ಶುಗರ್. ನಾನು ರಜೆ ಹಾಕಿದ ದಿನವೇ ಬಂದು ತೋರಿಸಿಕೊಂಡು ಹೋಗಿದಾಳೆ. ಕಿಲಾಡಿ.

ಮಾತು ಬಿಟ್ಟು ಹನ್ನೊಂದು ತಿಂಗಳು. ಅಮ್ಮ ಹೋದ ದಿನ ಅವಳು ಬರೋಷ್ಟರಲ್ಲಿ ಎಲ್ಲಾ ಮುಗಿದಿತ್ತು. "ನರ್ಸ್ ಆಗಿ ನಿಂಗೆ ಗೊತ್ತಾಗ್ಲಿಲ್ವಾ?" ಅಂದಳು, ಎಲ್ಲರೆದುರು. "ವಾರಕ್ಕೊಮ್ಮೆ ಬರೋಳು ನೀನು ಕೇಳ್ತೀಯಾ?" ಅಂದೆ ನಾನು. ಅಷ್ಟೇ.

ಜೂನ್ 25

ಅಕ್ಕ: ಎರಡು. ಹೋದ ವಾರವೂ ಎರಡು. ಕುರ್ಚಿ ಬಿಟ್ಟು ಏಳದವರೆಲ್ಲ ರಾಜಾರೋಷವಾಗಿ ಒಂದು ಒತ್ತುತ್ತಾರೆ. ಇವಳೊಬ್ಬಳು ಸತ್ಯವಂತೆ. ಸ್ಕೂಲಲ್ಲಿ ಮಕ್ಕಳನ್ನ ಗ್ರೌಂಡ್ ಸುತ್ತಿಸ್ತಾಳೆ, ತಾನು ಮಾತ್ರ... ಸೋಮಾರಿ.

ಜುಲೈ 16

ಆರು ವಾರವೂ ಎರಡೇ. "ನಡೆಯೋದೇ ಇಲ್ಲ ಅಂದ್ರೆ ಡೋಸ್ ಜಾಸ್ತಿ ಮಾಡೋಣ" ಅಂತ ಡಾಕ್ಟರ್ ಅವಳಿಗೆ ಚೀಟಿ ಕಳಿಸಿದ್ರು. ಗುರುವಾರ ಬೆಳಿಗ್ಗೆಯಿಂದ ಶುರು.

ಜುಲೈ 17, ಬುಧವಾರ

ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಕಂಡಳು. ಕಾಲಿಗೆ ಕ್ಯಾನ್ವಾಸ್ ಶೂ, ಕೈ ಬೀಸಿಕೊಂಡು ಏನು ನಡಿಗೆ! ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಭಾವ, ಏದುಸಿರು ಬಿಡ್ತಾ. ಮುಂದಿನ ಸ್ಟಾಪಲ್ಲಿ ಇಳಿದು ಪೇಪರ್ ಅಂಗಡಿಯವನನ್ನ ಕೇಳಿದೆ. "ಟೀಚರಮ್ಮನಾ? ಎರಡು ತಿಂಗಳಿಂದ ಒಂದು ದಿನ ತಪ್ಪಿಸಿಲ್ಲ."

ಮತ್ಯಾಕೆ ಎರಡು?

ಮಧ್ಯಾಹ್ನ 1.15

ಕಂಪ್ಯೂಟರಲ್ಲಿ ನೋಡಿದೆ. ಎರಡು ಒತ್ತಿ, ಸಮಾಧಾನದ ಮಾತು ಪೂರ್ತಿ ಕೇಳಿ, ಮತ್ತೆ ಕೇಳೋಕೆ ಸ್ಟಾರ್ ಒತ್ತಿದಾಳೆ. ಪ್ರತಿ ವಾರ. ಈ ಸೋಮವಾರ ನಾಲ್ಕು ಸಲ. ಒಂದು ಒತ್ತಿದ್ರೆ ನಾನು ಮೂರು ಸೆಕೆಂಡಿಗೆ ಮುಗಿದುಹೋಗ್ತೀನಲ್ಲ.

ಅಯ್ಯೋ ಹುಚ್ಚಿ. ನನ್ನ ದನಿ ಕೇಳೋಕೆ ಸುಳ್ಳು ಹೇಳಿದಾಳೆ. ಸ್ಟೋರ್ ರೂಮಿಗೆ ಹೋಗಿ ಚೆನ್ನಾಗಿ ಅತ್ತೆ.

ಆದರೆ ನಾಳೆ? ಇಷ್ಟು ನಡೆಯೋಳು ಆ ಡೋಸ್ ನುಂಗಿದ್ರೆ ಶುಗರ್ ಇಳಿದು ರಸ್ತೇಲೇ ಬೀಳ್ತಾಳೆ. ಡಾಕ್ಟರಿಗೆ ಎಲ್ಲಾ ಹೇಳಿದೆ. "ಹಳೇದೇ ಇರಲಿ, ಬ್ಲಡ್ ಟೆಸ್ಟ್ ಮಾಡಿಸೋಣ. ಇವತ್ತೇ ತಿಳಿಸಬೇಕು. ರಿಸೆಪ್ಷನ್‌ಗೆ ಹೇಳ್ಲಾ?" ಬೇಡ, ನಾನೇ ಫೋನ್ ಮಾಡ್ತೀನಿ ಅಂದುಬಿಟ್ಟೆ.

ಸಂಜೆ 6.10, ಬಸ್ಸಲ್ಲಿ

ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

"ಅಕ್ಕ, ಹೊಸ ಡೋಸ್ ತಗೋಬೇಡ. ನೀನು ದಿನಾ ನಡೀತೀಯ, ನಂಗೊತ್ತು."

"ಅವತ್ತು ಹಾಗನ್ನಬಾರದಿತ್ತು ಕಣೇ."

"ನಾನೂ ಅನ್ನಬಾರದಿತ್ತು."

"ಅಮ್ಮ ಕೊನೇಲಿ ಏನಂದ್ರು? ಯಾರನ್ನೂ ಕೇಳಿಲ್ಲ. ನೀನೇ ಹೇಳಬೇಕು ಅಂತ..." ಹೇಳೋಕೆ ಹೊರಟೆ, ತಡೆದಳು. "ಫೋನಲ್ಲಿ ಬೇಡ. ಮನೆಗೆ ಬಾ."

ಹೋಗ್ತಿದೀನಿ. ಅಮ್ಮ ಕೇಳಿದ್ದು ಅವಳನ್ನೇ. "ದೊಡ್ಡವಳು ಬರ್ತಿದಾಳಾ? ನಿಧಾನಕ್ಕೆ ಬರಲಿ, ಓಡಿಬರಬೇಡ ಅನ್ನು." ನಾನು ಅನ್ನಲೇ ಇಲ್ಲ. ಕೋಪದಲ್ಲಿ ಒಂದು ವರ್ಷ ಇಟ್ಟುಕೊಂಡುಬಿಟ್ಟೆ. ಹೋದ ತಕ್ಷಣ ಮೊದಲು ಅದನ್ನೇ ಹೇಳಬೇಕು. ಆಮೇಲೆ —

ಸ್ಟಾಪ್ ಬಂತು. ಅಯ್ಯೋ, ಇಲ್ಲೀತನಕ ಬಂದು ನಿಂತಿದಾಳೆ, ಬರಿಗಾಲಲ್ಲಿ