ಧೈರ್ಯದ ಪಾಠಕ್ಕೆ ಅರ್ಹತೆ ಯಾರದು?

ಮಾನ್ಯ ಶಾಲಾ ಅಧೀಕ್ಷಕರೇ,

ಪ್ರಾಚೀನ ಗ್ರೀಕ್ ತತ್ತ್ವಶಾಸ್ತ್ರದಲ್ಲಿ ಪದವಿ ಇಲ್ಲದವರು ಮಕ್ಕಳಿಗೆ ಸದ್ಗುಣ ಕಲಿಸಕೂಡದೆಂಬ ತಮ್ಮ ಆದೇಶವನ್ನು ಈ ಕೂಡಲೇ ಹಿಂಪಡೆಯಿರಿ. ಇದನ್ನು ಬೇಡುತ್ತಿರುವವನು ಆ ಆದೇಶದಿಂದ ಕೆಲಸ ಕಳೆದುಕೊಂಡವನಲ್ಲ, ಕೆಲಸ ಪಡೆದವನು. ಮಿನೆಸೋಟದ ಈ ಪುಟ್ಟ ಊರಿನಲ್ಲಿ ಆ ಪದವಿ ಇರುವುದು ನನ್ನೊಬ್ಬನಿಗೇ.

ಆರನೇ ತರಗತಿಯ ಶೀಲಪಾಠವನ್ನು ನನಗಿಂತ ಮೊದಲು ಗಣಿತದ ಶಿಕ್ಷಕಿ ಐಲಾ ಕಾರ್ವೋನೆನ್ ನೋಡಿಕೊಳ್ಳುತ್ತಿದ್ದರು. ಮುಂಗೋಪಿ. ಗ್ರೀಕಿನ ಒಂದಕ್ಷರವೂ ಬಾರದು. ತಮ್ಮ ದೃಷ್ಟಿಯಲ್ಲಿ ಇದಕ್ಕಿಂತ ಮಹಾಪರಾಧ ಉಂಟೆ? ಆಕೆಯನ್ನು ಎಬ್ಬಿಸಿ ನನ್ನನ್ನು ಕೂರಿಸಿದಿರಿ. ಕಳೆದ ವಾರ ಧೈರ್ಯದ ಪಾಠವಿತ್ತು. ಮಾರೆನ್ ಎಂಬ ಹುಡುಗಿಗೆ ಮಾತು ಉಗ್ಗುತ್ತದೆ. ತರಗತಿಯಲ್ಲಿ ಎಂದೂ ಬಾಯಿ ತೆರೆಯದವಳು ಅಂದು ಉತ್ತರ ಹೇಳಲು ಎದ್ದು ನಿಂತಳು. ಮೊದಲ ಅಕ್ಷರದಲ್ಲೇ ನಾಲಿಗೆ ತಡೆಯಿತು. ಕೋಲ್ಟನ್ ಎಂಬ ಹುಡುಗ "ಧೈ... ಧೈ... ಧೈ..." ಎಂದು ಅಣಕಿಸಿದ. ತರಗತಿ ಗೊಳ್ಳೆಂದಿತು. ನಾನೇನು ಮಾಡಿದೆ ಗೊತ್ತೇ? "ಸದ್ದು!" ಎಂದು ಗದರಿ, ಹೇಡಿತನಕ್ಕೂ ಹುಂಬತನಕ್ಕೂ ನಡುವಿನದೇ ಧೈರ್ಯವೆಂದು ಬೋರ್ಡಿನ ಮೇಲೆ ಗ್ರೀಕಿನಲ್ಲಿ ಬರೆದೆ. ಕಾಗುಣಿತ ತಪ್ಪಿರಲಿಲ್ಲ. ತಿರುಗಿ ನೋಡಿದರೆ ಮಾರೆನ್ ಚೀಲ ಎತ್ತಿಕೊಂಡು ಹೊರಟಿದ್ದಳು. ಅವಳು ಮತ್ತೆ ಶಾಲೆಗೆ ಬಂದಿಲ್ಲ.

ಐಲಾ ಬಳಿಗೆ ಓಡಿದೆ. "ನೀವಾಗಿದ್ರೆ ಏನ್ ಮಾಡ್ತಿದ್ರಿ?"

"ಪಾಠ ನಿಲ್ಲಿಸ್ತಿದ್ದೆ ಕಣ್ರೀ, ಇನ್ನೇನು! ಅವಳು ಹೇಳಿ ಮುಗಿಸೋವರೆಗೂ ಎಲ್ರನ್ನೂ ಬಾಯಿ ಮುಚ್ಚಿ ಕೂರಿಸ್ತಿದ್ದೆ. ಧೈರ್ಯ ಅನ್ನೋದು ನಿಮ್ ಎದುರಿಗೇ ಎದ್ದು ನಿಂತಿತ್ತಲ್ರೀ, ನೀವು ಬೋರ್ಡಿಗೆ ಮುಖ ಹಾಕ್ಕೊಂಡ್ರಾ?"

ಅಂದೇ ಸಂಜೆ ಆಕೆ ಕೋಲ್ಟನ್‌ನನ್ನೂ ಅವನ ತಂದೆಯನ್ನೂ ಹೊರಡಿಸಿಕೊಂಡು ಮಾರೆನ್ ಮನೆಗೆ ಹೋದರು. ನಾನೂ ಹಿಂದೆ ಹೋದೆ. ಹುಡುಗ ಹಿಮದಲ್ಲಿ ನಿಂತು, ಕಣ್ಣೊರೆಸಿಕೊಳ್ಳುತ್ತ ಕ್ಷಮೆ ಕೇಳಿದ. ಬಾಗಿಲ ಸಂದಿಯಿಂದ ಮಾರೆನ್ ಹೇಳಿದಳು: "ಐಲಾ ಮಿಸ್ ಆ ಕ್ಲಾಸಲ್ಲಿದ್ರೆ ಬ... ಬರ್ತೀನಿ." ಮರುದಿನವೇ ತಮ್ಮ ಕಚೇರಿಯ ಎಚ್ಚರಿಕೆ ಬಂತು: ಅನರ್ಹರು ಶೀಲಪಾಠದಲ್ಲಿ ತಲೆಹಾಕಿದರೆ ಅಮಾನತು!

ಅಧೀಕ್ಷಕರೇ, ಅರ್ಧ ಆಯುಷ್ಯ ಆ ಗ್ರೀಕರನ್ನೇ ಓದಿದವನು ನಾನು. ಅವರ ಮೇಲೆ ನನಗೆ ಮುನಿಸಿಲ್ಲ. ಸದ್ಗುಣವನ್ನು ಕಲಿಸಲು ಬರುತ್ತದೆಯೇ ಎಂದು ಅವರೇ ತಲೆ ಕೆರೆದುಕೊಂಡರು. ತಮಗೆ ಮಾತ್ರ ಅನುಮಾನವೇ ಇಲ್ಲ. ಆ ಗ್ರೀಕರು ಧೈರ್ಯದ ಕೆಲಸ ಮಾಡುತ್ತ ಮಾಡುತ್ತಲೇ ಮನುಷ್ಯ ಧೈರ್ಯವಂತನಾಗುತ್ತಾನೆ ಎಂದರೇ ಹೊರತು, ಮೊದಲು ನಮ್ಮಲ್ಲಿ ಪದವಿ ಪಡೆಯಿರಿ ಎನ್ನಲಿಲ್ಲ. ಅವರನ್ನು ಸಾಕಿ ಬೆಳೆಸಿದ ತಾಯಂದಿರು ಯಾವ ಪರೀಕ್ಷೆಗೆ ಕೂತಿದ್ದರು, ಸ್ವಾಮಿ?

ಮಾರೆನ್ ತಾಯಿ ಮಗಳನ್ನು ಬೇರೆ ಶಾಲೆಗೆ ಸೇರಿಸಲು ಓಡಾಡುತ್ತಿದ್ದಾರೆ. ಅಲ್ಲಿಯೂ ಅವಳು ಬಾಯಿ ಮುಚ್ಚಿಕೊಂಡೇ ಬೆಳೆಯುತ್ತಾಳೆಂಬ ಭಯ ನನ್ನನ್ನು ತಿನ್ನುತ್ತಿದೆ. ಕೈಮುಗಿಯುತ್ತೇನೆ, ಐಲಾ ಅವರನ್ನು ಸೋಮವಾರ ಆ ತರಗತಿಗೆ ಮರಳಿಸಿ. ಮರಳಿಸದಿದ್ದರೂ ನಾನೇ ಬಾಗಿಲು ತೆರೆದು ಒಳಗೆ ಕರೆಯುತ್ತೇನೆ. ಅಮಾನತು ಮಾಡುವುದಾದರೆ ನನ್ನನ್ನು ಮಾಡಿ. ಹುಡುಕಿಕೊಂಡು ಬಂದರೆ ಕೋಲ್ಟನ್ ಪಕ್ಕದಲ್ಲಿ ಕೂತಿರುತ್ತೇನೆ. ನಮ್ಮಿಬ್ಬರಿಗೂ ಕಲಿಯುವುದಿದೆ.

ಇಂತಿ,
ತಮ್ಮ ಆದೇಶದ ಪ್ರಕಾರ ಈ ಊರಿನ ಏಕೈಕ ಅರ್ಹ,
ವೆಂಡೆಲ್ ಸ್ಟ್ರೌಡ್